ಹಗಲು ಹಕ್ಕಿಗೆ, ಇರುಳು ದೀಪಕ್ಕೆ: ಡಿಸೆಂಬರ್‌ನ ನ್ಯೂಯಾರ್ಕಿನಲ್ಲಿ ಒಂದು ದಿನ

ಡಿಸೆಂಬರ್ ಕೊನೆಯಲ್ಲಿ ನ್ಯೂಯಾರ್ಕ್ ನೋಡಲು ಹೋದವರು ತಡವಾಗಿ ಎದ್ದು, ಆರಾಮಾಗಿ ತಿಂಡಿ ತಿಂದು, ಹನ್ನೆರಡಕ್ಕೆ ಹೊರಬೀಳುತ್ತಾರೆ. ಮೊದಲ ಸಲ ನಾನೂ ಅದನ್ನೇ ಮಾಡಿದ್ದೆ. ನಾಲ್ಕೂವರೆಗೆ ಸೂರ್ಯ ಮುಳುಗಿದಾಗ ನನ್ನ ಬೈನಾಕ್ಯುಲರ್ ಇನ್ನೂ ಬ್ಯಾಗಿನಲ್ಲೇ ಇತ್ತು.

ಆದರೆ ಈ ಗಿಡ್ಡ ಹಗಲಿನಿಂದ ಒಂದು ಲಾಭವೂ ಇದೆ. ಬೆಳಕಿರುವಷ್ಟು ಹೊತ್ತು ಹಕ್ಕಿ ನೋಡಿ, ಕತ್ತಲಾದ ಮೇಲೆ ಹಬ್ಬದ ದೀಪ ನೋಡಿದರೂ ರಾತ್ರಿ ಊಟದ ಹೊತ್ತಿಗೆ ರೂಮಿಗೆ ವಾಪಸ್. ಎಲೆ ಉದುರಿದ ಮರದಲ್ಲಿ ಹಕ್ಕಿಗೆ ಅಡಗಲು ಜಾಗವೂ ಕಡಿಮೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಕಾಲ ಬೇಕಾ?

ಹೊರಡುವ ಮುಂಚೆ

ಒಂದು ದಪ್ಪ ಕೋಟಿಗಿಂತ ಒಂದರ ಮೇಲೊಂದು ಮೂರು ಪದರ ಬಟ್ಟೆ ಮೇಲು. ಮ್ಯೂಸಿಯಂ ಒಳಗೆ ಬೆಚ್ಚಗಿರುತ್ತದೆ, ಬಿಚ್ಚುತ್ತಾ ಹೋಗಬೇಕು. ಹಕ್ಕಿ ನೋಡುವಾಗ ನಡೆಯುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಹಾಗಾಗಿ ಮೊದಲು ಮರಗಟ್ಟುವುದು ಕಾಲು. ಉಣ್ಣೆಯ ಕಾಲುಚೀಲದಲ್ಲಿ ಜಿಪುಣತನ ಬೇಡ. ಚಳಿಗೆ ಫೋನಿನ ಚಾರ್ಜ್ ಬೇಗ ಇಳಿಯುತ್ತದೆ. ಅದನ್ನು ಒಳಗಿನ ಜೇಬಿನಲ್ಲಿಡಿ. ಬೈನಾಕ್ಯುಲರ್ ಎಂಟು ಪಟ್ಟು ದೊಡ್ಡದಾಗಿ ತೋರಿಸಿದರೆ ಸಾಕು. ಅದಕ್ಕಿಂತ ಜಾಸ್ತಿಯದಾದರೆ ಚಳಿಗೆ ನಡುಗುವ ಕೈಯಲ್ಲಿ ಚಿತ್ರವೂ ನಡುಗುತ್ತದೆ.

ಬೆಳಗ್ಗೆ ಏಳೂವರೆ: ನೀರಿನ ಹತ್ತಿರ

ಸೂರ್ಯ ಹುಟ್ಟುವುದು ಏಳೂಕಾಲರ ಸುಮಾರಿಗೆ. 4, 5 ಅಥವಾ 6ನೇ ನಂಬರಿನ ಸಬ್‌ವೇ ಹಿಡಿದು 86ನೇ ಬೀದಿಯಲ್ಲಿ ಇಳಿಯಿರಿ. ಅಲ್ಲಿಂದ ಪಶ್ಚಿಮಕ್ಕೆ ನಡೆದು, ಫಿಫ್ತ್ ಅವೆನ್ಯೂದಲ್ಲಿ 90ನೇ ಬೀದಿಯ ಗೇಟಿನಿಂದ ಸೆಂಟ್ರಲ್ ಪಾರ್ಕ್ ಒಳಗೆ ಹೋಗಿ. ಎದುರಿಗೇ ರಿಸರ್ವಾಯರ್. 106 ಎಕರೆ ನೀರು, ಸುತ್ತು ಹಾಕಿದರೆ ಸುಮಾರು ಎರಡೂವರೆ ಕಿಲೋಮೀಟರ್. ಓಡುವವರ ದಾರಿಗೆ ಅಡ್ಡ ನಿಲ್ಲಬೇಡಿ, ಬೇಲಿಗೆ ಒತ್ತಿಕೊಂಡು ನಿಲ್ಲಿ.

ಉತ್ತರದ ಕೆರೆಗಳು ಹೆಪ್ಪುಗಟ್ಟಿದಾಗ ಬಾತುಗಳು ಇಲ್ಲಿಗೆ ಇಳಿದು ಬರುತ್ತವೆ. ನೋಡಲೇಬೇಕಾದದ್ದು ಶವಲರ್ ಬಾತು. ಕೊಕ್ಕು ತಲೆಗಿಂತ ಉದ್ದ, ತುದಿ ಚಪ್ಪಟೆ, ಥೇಟ್ ಸೌಟು. ಗಂಡಿನ ತಲೆ ಹಸಿರು, ಎದೆ ಬಿಳಿ, ಪಕ್ಕೆ ಇಟ್ಟಿಗೆ ಬಣ್ಣ. ಹತ್ತಾರು ಸೇರಿ ಒಂದರ ಬಾಲಕ್ಕೆ ಒಂದು ಎಂಬಂತೆ ತಲೆ ಅರ್ಧ ಮುಳುಗಿಸಿ ಗಾಣ ತಿರುಗಿದ ಹಾಗೆ ಸುತ್ತುತ್ತವೆ. ಆಟ ಅಂತ ಅನ್ನಿಸಬಹುದು, ಅಲ್ಲ. ಸುತ್ತಿದಾಗ ನೀರು ಕಲಕಿ ಕೆಳಗಿನ ಸಣ್ಣ ಜೀವಿಗಳು ಮೇಲೆ ಬರುತ್ತವೆ. ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿವೆ, ಅದರಲ್ಲಿ ನೀರು ಸೋಸಿ ತಿನ್ನುತ್ತವೆ. ಹತ್ತಿರದಲ್ಲೇ ಕಪ್ಪು ಬಿಳುಪಿನ ಪುಟ್ಟ ಬಫಲ್‌ಹೆಡ್ ಇರುತ್ತದೆ. ಸಿಕ್ಕಿತು ಅನ್ನುವಷ್ಟರಲ್ಲಿ ಮುಳುಗಿ, ಇನ್ನೆಲ್ಲೋ ಏಳುತ್ತದೆ.

ಹತ್ತು ಗಂಟೆ: ಪೊದೆಗಳೊಳಗೆ

ದಕ್ಷಿಣಕ್ಕೆ ನಡೆದರೆ 79ನೇ ಬೀದಿಯ ಕೆಳಗೆ ರ‍್ಯಾಂಬಲ್ ಎಂಬ ಭಾಗ. ಬೇಕಂತಲೇ ಕಾಡಿನ ಹಾಗೆ ಮಾಡಿದ ಜಾಗ, ಕಾಲುದಾರಿಗಳು ಸುತ್ತಿ ಬಳಸಿ ಹೋಗುತ್ತವೆ. ದಾರಿ ತಪ್ಪಿದರೆ ಹೆದರಬೇಡಿ. ದೀಪದ ಕಂಬದ ಮೇಲಿನ ನಾಲ್ಕು ಅಂಕಿ ನೋಡಿ. ಮೊದಲೆರಡು ಅಂಕಿ ಹತ್ತಿರದ ಬೀದಿಯ ನಂಬರ್ ಹೇಳುತ್ತವೆ.

ಇಲ್ಲಿ ಸುಮ್ನೆ ಐದು ನಿಮಿಷ ನಿಂತು ಕೇಳಿಸಿಕೊಳ್ಳಿ. ಒಣ ಎಲೆಯಲ್ಲಿ ಸರಸರ ಸದ್ದು ಬಂದರೆ ಅಳಿಲೇ ಇರಬೇಕೆಂದಿಲ್ಲ. ಬಿಳಿ ಕೊರಳಿನ ಗುಬ್ಬಿ ಮುಂದಕ್ಕೆ ಹಾರಿ, ಎರಡೂ ಕಾಲಿನಿಂದ ಒಟ್ಟಿಗೆ ಎಲೆಗಳನ್ನು ಹಿಂದಕ್ಕೆ ಒದೆಯುತ್ತದೆ. ಕಣ್ಣಿನ ಮುಂದೆ ಹಳದಿ ಚುಕ್ಕೆ ಕಂಡರೆ ಅದೇ. ಕೆಂಪು ಕಾರ್ಡಿನಲ್ ಹುಡುಕುವ ಕೆಲಸವೇ ಇಲ್ಲ, ಬೋಳು ಕೊಂಬೆಯ ಮೇಲೆ ದೂರಕ್ಕೇ ಕಾಣುತ್ತದೆ. ನೀಲಿ ಜೇ ಹಕ್ಕಿಗಳು ಒಂದೇ ಮರಕ್ಕೆ ಮುತ್ತಿಕೊಂಡು ಅರಚುತ್ತಿದ್ದರೆ ಅಲ್ಲಿ ಗಿಡುಗವೋ ಗೂಬೆಯೋ ಇರಬಹುದು.

ಗೂಬೆ ಸಿಕ್ಕರೆ ದೂರ ನಿಂತು, ಫ್ಲ್ಯಾಶ್ ಇಲ್ಲದೆ ಒಂದು ಫೋಟೊ ತೆಗೆದು ಬನ್ನಿ. ಜಾಗದ ಗುರುತು ಹೇಳಿ ಪೋಸ್ಟ್ ಹಾಕಬೇಡಿ. 2021ರ ಜನವರಿಯಲ್ಲಿ ಈ ಪಾರ್ಕಿಗೆ ಹಿಮಗೂಬೆಯೊಂದು ಬಂದಿತ್ತು. 1890ರ ನಂತರ ಅಲ್ಲಿ ಅದು ಕಂಡದ್ದು ಅದೇ ಮೊದಲು. ನೋಡಲು ಜಾತ್ರೆಯೇ ಸೇರಿತು. ದಣಿವಾರಿಸಿಕೊಳ್ಳುವ ಹಕ್ಕಿಗೆ ಈ ಗದ್ದಲ ಯಾಕೆ? ಅಳಿಲಿಗೂ ಏನೂ ಹಾಕಬೇಡಿ, ಎಷ್ಟೇ ಹತ್ತಿರ ಬಂದು ಮುಖ ನೋಡಿದರೂ.

ಮಧ್ಯಾಹ್ನ: ಬೆಚ್ಚಗಾಗಲು

ಪಾರ್ಕಿನ ಪಶ್ಚಿಮದ ಅಂಚಿಗೆ ಬಂದರೆ ರಸ್ತೆಯಾಚೆ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ. ಹಬ್ಬದ ದಿನಗಳಲ್ಲಿ ಇಲ್ಲಿ ಕಾಗದ ಮಡಚಿ ಮಾಡಿದ ನೂರಾರು ಒರಿಗಾಮಿ ಗೊಂಬೆಗಳ ಮರ ಇಡುತ್ತಾರೆ. ಬೆಳಗ್ಗೆಯಿಂದ ಜೀವಂತ ಪ್ರಾಣಿ ನೋಡಿದ ಮಕ್ಕಳಿಗೆ ಕಾಗದದ ಪ್ರಾಣಿ ಗುರುತಿಸುವುದು ಒಳ್ಳೆಯ ಆಟ. ಡಿಸೆಂಬರ್ 25ರಂದು ಮಾತ್ರ ಮ್ಯೂಸಿಯಂ ಬಾಗಿಲು ಮುಚ್ಚಿರುತ್ತದೆ.

ಕ್ರಿಸ್‌ಮಸ್‌ಗೂ ಹಕ್ಕಿಗೂ ನಂಟು ಬೆಸೆದವರು ಇಲ್ಲಿಯೇ ಕೆಲಸ ಮಾಡುತ್ತಿದ್ದ ಫ್ರಾಂಕ್ ಚಾಪ್ಮನ್. ಮ್ಯೂಸಿಯಂ ಸೇರುವ ಮೊದಲು, 1886ರಲ್ಲಿ, ಅವರು ಮ್ಯಾನ್‌ಹಟನ್‌ನ ಅಂಗಡಿ ಬೀದಿಗಳಲ್ಲಿ ಅಡ್ಡಾಡಿ ಹೆಂಗಸರ ಟೋಪಿಗಳ ಮೇಲೆ 40 ಜಾತಿಯ ಹಕ್ಕಿಗಳನ್ನು ಗುರುತಿಸಿದ್ದರು. ಎಲ್ಲವೂ ಅಲಂಕಾರಕ್ಕಾಗಿ ಸತ್ತವು! ಆ ಕಾಲದಲ್ಲಿ ಕ್ರಿಸ್‌ಮಸ್ ದಿನ ಗುಂಪು ಕಟ್ಟಿ ಬೇಟೆಯಾಡಿ, ಜಾಸ್ತಿ ಕೊಂದವರು ಗೆಲ್ಲುವ ಪಂದ್ಯವೂ ಇತ್ತು. ಕೊಲ್ಲುವ ಬದಲು ಎಣಿಸೋಣ ಎಂದು ಚಾಪ್ಮನ್ 1900ರಲ್ಲಿ ಕರೆಕೊಟ್ಟರು. ಆ ವರ್ಷ 27 ಜನ 25 ಕಡೆ ಎಣಿಸಿದರು, ಸೆಂಟ್ರಲ್ ಪಾರ್ಕ್ ಸೇರಿ. ಈಗಲೂ ಪ್ರತಿ ವರ್ಷ ಡಿಸೆಂಬರ್ 14ರಿಂದ ಜನವರಿ 5ರ ನಡುವೆ ಎಣಿಕೆ ನಡೆಯುತ್ತದೆ. ಮೊದಲೇ ಹೆಸರು ಕೊಟ್ಟರೆ ಹೊಸಬರೂ ಸೇರಬಹುದು.

ಮೂರೂವರೆಯಿಂದ: ದೀಪದ ಕಡೆಗೆ

ಪಾರ್ಕನ್ನು ಮೂಲೆಯಿಂದ ಮೂಲೆಗೆ ದಾಟಿ ಆಗ್ನೇಯ ತುದಿಯ ‘ಪಾಂಡ್’ ಎಂಬ ಕೊಳಕ್ಕೆ ಬನ್ನಿ. ಅರ್ಧ ಗಂಟೆಗೆ ತುಸು ಜಾಸ್ತಿ ನಡಿಗೆ. ಬಾತುಗಳು ತೇಲುತ್ತಿರುವಂತೆಯೇ ಹಿಂದಿನ ಕಟ್ಟಡಗಳ ಕಿಟಕಿಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ, ನೀರಿಗೂ ಬಣ್ಣ ಬರುತ್ತದೆ. ನನ್ನ ಮಟ್ಟಿಗೆ ಇಡೀ ದಿನದಲ್ಲಿ ಒಳ್ಳೆಯ ಹದಿನೈದು ನಿಮಿಷ ಇದೇ.

ಪಾರ್ಕಿನಿಂದ ಹೊರಬಂದರೆ 59ನೇ ಬೀದಿಯ ಗ್ರ್ಯಾಂಡ್ ಆರ್ಮಿ ಪ್ಲಾಜಾ. ಯಹೂದಿಗಳ ಹನುಕ್ಕಾ ಹಬ್ಬ ಆ ವಾರ ಬಿದ್ದಿದ್ದರೆ ಇಲ್ಲಿ ದೈತ್ಯ ಮೆನೋರಾ ದೀಪ ಬೆಳಗುತ್ತಾರೆ. ಅಲ್ಲಿಂದ ಫಿಫ್ತ್ ಅವೆನ್ಯೂದಲ್ಲಿ ದಕ್ಷಿಣಕ್ಕೆ ಹತ್ತು ಬೀದಿ. ಅಂಗಡಿಗಳ ಕಿಟಕಿ ಅಲಂಕಾರ ನೋಡುತ್ತಾ, ಭುಜಕ್ಕೆ ಭುಜ ತಾಗಿಸುತ್ತಾ ಸಾಗಿ, ರಾಕ್‌ಫೆಲರ್ ಸೆಂಟರ್ ಬರುತ್ತದೆ. ಇಲ್ಲಿ 1931ರಲ್ಲಿ ಮೊದಲ ಕ್ರಿಸ್‌ಮಸ್ ಮರ ನಿಲ್ಲಿಸಿದವರು ಕಟ್ಟಡ ಕಟ್ಟುತ್ತಿದ್ದ ಕೂಲಿಗಳು. ಈಗಿನ ಮರದ ಮೇಲೆ 50,000ಕ್ಕೂ ಹೆಚ್ಚು ದೀಪ.

2020ರಲ್ಲಿ ಒನಿಯೊಂಟಾ ಎಂಬ ಊರಿನಿಂದ ಲಾರಿಯಲ್ಲಿ ಬಂದ ಮರದ ಕೊಂಬೆಗಳ ನಡುವೆ ಒಂದು ಪುಟ್ಟ ಸಾ-ವೆಟ್ ಗೂಬೆ ಸಿಕ್ಕಿತ್ತು. ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಒಳಗೇ ಕೂತು ಬಂದಿತ್ತು. ಕೆಲಸದವರ ಕಣ್ಣಿಗೆ ಬಿದ್ದು, ವನ್ಯಜೀವಿ ಆರೈಕೆ ಕೇಂದ್ರ ಸೇರಿ, ಹೊಟ್ಟೆತುಂಬ ಇಲಿ ತಿಂದು ಮತ್ತೆ ಕಾಡಿಗೆ ಹಾರಿತು. ಆಮೇಲೆ ಆ ಮರದ ಎದುರು ನಿಂತಾಗಲೆಲ್ಲ ನನ್ನ ಕಣ್ಣು ತುದಿಯ ನಕ್ಷತ್ರ ಬಿಟ್ಟು ಕೊಂಬೆ ಹುಡುಕುತ್ತದೆ.

ಸಂಜೆಯ ನೂಕುನುಗ್ಗಲು ಆಗದವರು ದೀಪವನ್ನು ಮರುದಿನಕ್ಕಿಡಿ. ಸಾಮಾನ್ಯವಾಗಿ ನಸುಕಿನಲ್ಲೂ ಮರದ ದೀಪ ಉರಿಯುತ್ತಿರುತ್ತದೆ. ಆರು ಗಂಟೆಗೆ ಹೋದರೆ ಕಸ ಗುಡಿಸುವವರು, ನೀವು, ಮತ್ತು ಮರ. ನೋಡಿಕೊಂಡು ಉತ್ತರಕ್ಕೆ ನಡೆದರೆ, ಬೆಳಕು ಹರಿಯುವ ಹೊತ್ತಿಗೆ ಕೊಳದ ಹತ್ತಿರ ಇರುತ್ತೀರಿ.