ಟಿವಿಯಲ್ಲಿ ಬೊಟ್ಟು ದುಂಡಗೆ ಕಾಣಬೇಕು

ನಮ್ಮ ಮನೆಯದು 43 ಇಂಚಿನ ಟಿವಿ. ಹಳೆಯ ಕಪ್ಪು-ಬಿಳುಪು ಸಿನಿಮಾ ಹಾಕಿದರೆ ಎಡಕ್ಕೂ ಬಲಕ್ಕೂ ಸುಮಾರು 12 ಸೆಂಟಿಮೀಟರ್ ಕಪ್ಪು ಪಟ್ಟಿ ಉಳಿಯುತ್ತದೆ. ಬೇಕೆಂದೇ ನಾನು ಹಾಗೆ ಸೆಟ್ ಮಾಡಿದ್ದೇನೆ. ಮೊದಲು ತಕರಾರು ತೆಗೆದವರು ಅಪ್ಪ. “ಇಷ್ಟು ದುಡ್ಡು ಕೊಟ್ಟು ದೊಡ್ಡ ಟಿವಿ ತಂದಿದೀಯ, ಪೂರ್ತಿ ಬರೋ ಹಾಗೆ ಮಾಡೋ” ಎಂದರು.

ಅಪ್ಪ ಕೇಳಿದ್ದು ನ್ಯಾಯವೇ. ಆದರೆ ಪರದೆಯ ಆಕಾರ ಬೇರೆ, ಸಿನಿಮಾದ ಆಕಾರ ಬೇರೆ. ಈಗಿನ ಟಿವಿ 16:9, ಅಂದರೆ ಅಗಲ 16 ಪಾಲಾದರೆ ಎತ್ತರ 9 ಪಾಲು. ಹಳೆಯ ಡಬ್ಬಾ ಟಿವಿ 4:3. ಆ ಕಾಲದ ದೂರದರ್ಶನದ ಕಾರ್ಯಕ್ರಮಗಳು, ಕಪ್ಪು-ಬಿಳುಪಿನ ಬಹುತೇಕ ಸಿನಿಮಾಗಳು ಹೆಚ್ಚುಕಮ್ಮಿ ಇದೇ ಆಕಾರದವು. ಅದನ್ನು ಅಗಲಕ್ಕೆ ಎಳೆದು ಪರದೆ ತುಂಬಿಸಿದರೆ ಎಲ್ಲರೂ ಮೂರನೇ ಒಂದು ಪಾಲು ದಪ್ಪಗಾಗುತ್ತಾರೆ. ಎಳೆಯುವ ಬದಲು ಜೂಮ್ ಮಾಡಿದರೆ ಮೇಲೆ-ಕೆಳಗೆ ಸೇರಿ ಚಿತ್ರದ ಕಾಲು ಭಾಗ ಹೋಗುತ್ತದೆ. ನೃತ್ಯ ನಡೆಯುತ್ತಿರುತ್ತದೆ, ಪಾದವೇ ಕಾಣುವುದಿಲ್ಲ! ನನಗಂತೂ ಇದನ್ನು ನೋಡಲಾಗುವುದಿಲ್ಲ.

ಅಪ್ಪನಿಗೆ ಹೀಗೆ ತೋರಿಸಿದೆ. ನಾಯಕಿಯ ಮುಖ ನೇರವಾಗಿ, ಹತ್ತಿರದಲ್ಲಿ ಬಂದಾಗ ನಿಲ್ಲಿಸಿದೆ. ಹಣೆಯಲ್ಲಿ ದುಂಡು ಬೊಟ್ಟಿತ್ತು. ಎರಡೂ ಆಕಾರಗಳನ್ನು ಒಂದಾದ ಮೇಲೊಂದು ಬದಲಿಸಿದೆ. “ಅಯ್ಯೋ, ಬೊಟ್ಟು ಅಡ್ಡಡ್ಡ ಆಗೋಯ್ತಲ್ಲ” ಎಂದವರು ಅಮ್ಮ. ಆಮೇಲೆ ಯಾರೂ ಪಟ್ಟಿಯ ಮಾತೆತ್ತಲಿಲ್ಲ. ಬೊಟ್ಟು ಸಿಗದಿದ್ದರೆ ಗೋಡೆ ಗಡಿಯಾರವೋ ಪಕ್ಕದಿಂದ ಕಾಣುವ ಕಾರಿನ ಚಕ್ರವೋ ಆಗುತ್ತದೆ. ನೇರವಾಗಿ ಕಾಣುವ ದುಂಡಗಿನದು ಏನಾದರೂ ಸರಿ.

ಇನ್ನು ಸೆಟ್ಟಿಂಗ್ ವಿಷಯ. ಎಲ್ಲರೂ ಟಿವಿ ರಿಮೋಟನ್ನೇ ಒತ್ತುತ್ತಾ ಕೂರುತ್ತಾರೆ. ಚಿತ್ರದ ಆಕಾರ ಬದಲಾಗುವ ಜಾಗ ಅದೊಂದೇ ಅಲ್ಲ. ಚಾನೆಲ್‌ನವರು ಬದಲಿಸಬಹುದು, ಸೆಟ್ ಟಾಪ್ ಬಾಕ್ಸ್ ಬದಲಿಸಬಹುದು, ಕೊನೆಗೆ ಟಿವಿ. ನಾನು ಮೊದಲು ಟಿವಿಯನ್ನು 16:9ಕ್ಕೆ ಇಡುತ್ತೇನೆ. ಸ್ಯಾಮ್‌ಸಂಗ್‌ನಲ್ಲಿ ಇದು ‘ಪಿಕ್ಚರ್ ಸೈಜ್’, ಎಲ್‌ಜಿಯಲ್ಲಿ ‘ಆಸ್ಪೆಕ್ಟ್ ರೇಶಿಯೋ’, ಸೋನಿಯಲ್ಲಿ ‘ವೈಡ್ ಮೋಡ್’. ಆಮೇಲೆ ಬಾಕ್ಸ್‌ನ ಮೆನುವಿಗೆ ಹೋಗಿ ಟಿವಿ 16:9 ಎಂದು ಹೇಳುತ್ತೇನೆ. ಚಿತ್ರವನ್ನು ಎಳೆಯದೆ ಇದ್ದ ಹಾಗೇ ಕೊಡುವ ಆಯ್ಕೆಯೊಂದು ಅಲ್ಲೇ ಇರುತ್ತದೆ. ಅದನ್ನು ಆರಿಸುತ್ತೇನೆ. ಇಷ್ಟಾದರೆ ಎಚ್‌ಡಿ ಚಾನೆಲ್ ಪೂರ್ತಿ ತುಂಬುತ್ತದೆ, 4:3 ಬಂದಾಗ ಪಟ್ಟಿ ತಾನಾಗಿ ಬರುತ್ತದೆ. ಬಾಕ್ಸ್ 4:3ರಲ್ಲೇ ಉಳಿದಿದ್ದರೆ ಕೆಲವು ಸಲ ನಾಲ್ಕೂ ಕಡೆ ಕಪ್ಪು ಬಂದು, ನಡುವೆ ಪುಟ್ಟ ಚಿತ್ರ ಉಳಿಯುತ್ತದೆ. ನೆಂಟರ ಮನೆಗಳಲ್ಲಿ ನಾನು ಜಾಸ್ತಿ ಕಂಡದ್ದು ಇದನ್ನೇ.

ಎಲ್ಲ ಸರಿಯಿದ್ದೂ ಮುಖಗಳು ದಪ್ಪಗಿವೆಯೇ? ಹಾಗಾದರೆ ಮೂಲೆಯಲ್ಲಿರುವ ಚಾನೆಲ್ ಲೋಗೋ ನೋಡಿ. ಲೋಗೋ ಸರಿಯಾಗಿದ್ದು ಬೊಟ್ಟು ಮಾತ್ರ ಅಡ್ಡಡ್ಡ ಆಗಿದ್ದರೆ, ಸಿನಿಮಾವನ್ನು ಚಾನೆಲ್‌ನವರೇ ಎಳೆದು ಕಳಿಸಿದ್ದಾರೆ. ಲೋಗೋ ಕೂಡ ಅಗಲವಾಗಿದ್ದರೆ ಹೆಚ್ಚಾಗಿ ತೊಂದರೆ ನಿಮ್ಮ ಬಾಕ್ಸ್‌ನಲ್ಲೋ ಟಿವಿಯಲ್ಲೋ ಇರುತ್ತದೆ. ಚಾನೆಲ್‌ನವರು ಎಳೆದಿದ್ದರೆ ನಾನು ಆ ಸಿನಿಮಾ ಮುಗಿಯುವವರೆಗೆ ಟಿವಿಯನ್ನು 4:3ಕ್ಕೆ ಹಾಕುತ್ತೇನೆ. ಲೋಗೋ ತೆಳ್ಳಗಾಗುತ್ತದೆ, ಮುಖಗಳು ಸರಿಹೋಗುತ್ತವೆ. ಮುಗಿದ ಮೇಲೆ ನೆನಪಿಟ್ಟು 16:9ಕ್ಕೆ ತರಬೇಕು, ಇಲ್ಲದಿದ್ದರೆ ರಾತ್ರಿಯ ಧಾರಾವಾಹಿಯಲ್ಲಿ ಎಲ್ಲರೂ ಬಡಕಲಾಗಿರುತ್ತಾರೆ.

ಸೋನಿಯ ‘ವೈಡ್ ಜೂಮ್’ ಥರದ ಆಯ್ಕೆ ನನಗೆ ಹಿಡಿಸುವುದಿಲ್ಲ. ಅದು ನಡುವಿನ ಭಾಗವನ್ನು ಆದಷ್ಟು ಹಾಗೇ ಬಿಟ್ಟು ಅಂಚುಗಳನ್ನು ಜಾಸ್ತಿ ಎಳೆಯುತ್ತದೆ. ನ್ಯೂಸ್ ಚಾನೆಲ್‌ನಲ್ಲಿ ಕೆಳಗೆ ಓಡುವ ಸಾಲನ್ನು ಗಮನಿಸಿ. ಅಕ್ಷರ ಬಲ ಅಂಚಿನಲ್ಲಿ ದಪ್ಪಗೆ ಹುಟ್ಟಿ, ನಡುವೆ ತೆಳ್ಳಗಾಗಿ, ಎಡಕ್ಕೆ ಹೋಗುತ್ತಾ ಮತ್ತೆ ದಪ್ಪಗಾಗುತ್ತದೆ. ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗ ಮನುಷ್ಯರಿಗೂ ಇದೇ ಗತಿ.

ಆ ಓಡುವ ಸಾಲಿನ ಕೆಳಭಾಗ ಕತ್ತರಿಸಿ ಹೋಗುತ್ತಿದ್ದರೆ ಕಾರಣ ಓವರ್‌ಸ್ಕ್ಯಾನ್, ಅಂದರೆ ಟಿವಿ ಚಿತ್ರವನ್ನು ತುಸು ಹಿಗ್ಗಿಸಿ ಅಂಚನ್ನು ಕತ್ತರಿಸುವುದು. ಡಬ್ಬಾ ಟಿವಿ ಕಾಲದಲ್ಲಿ ಚಿತ್ರದ ಅಂಚು ಚೌಕಟ್ಟಿನ ಹಿಂದೆ ಅಡಗುತ್ತಿತ್ತು. ಆ ಅಭ್ಯಾಸ ಇಂದಿನ ಟಿವಿಗಳಲ್ಲೂ ಉಳಿದುಕೊಂಡಿದೆ. ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’ ಹಾಕಿದರೆ ಅಂಚು ವಾಪಸ್ ಬರುತ್ತದೆ. ಲ್ಯಾಪ್‌ಟಾಪ್ ಜೋಡಿಸುವವರಿಗೆ ಇದು ಇನ್ನೂ ಮುಖ್ಯ. ಅಂಚು ಕತ್ತರಿಸಿ ಹಿಗ್ಗಿಸಿದಾಗ ಅಕ್ಷರಗಳು ಮಸುಕಾಗುತ್ತವೆ.

ಸ್ಕೋಪ್ ಸಿನಿಮಾದಲ್ಲಿ, ಅಂದರೆ ಟಿವಿ ಪರದೆಗಿಂತಲೂ ಅಗಲವಾದ ಸಿನಿಮಾದಲ್ಲಿ, ಪಟ್ಟಿ ಮೇಲೆ-ಕೆಳಗೆ ಬರುತ್ತದೆ. ಅದರ ಅಳತೆ 2.35:1ರ ಆಸುಪಾಸು. ಜೂಮ್ ಮಾಡಿ ಪಟ್ಟಿ ಅಳಿಸಿದರೆ ಎರಡೂ ಪಕ್ಕ ಸೇರಿ ಸುಮಾರು ಕಾಲು ಭಾಗ ಹೋಗುತ್ತದೆ. ಎರಡು ತುದಿಯಲ್ಲಿ ನಿಂತು ಇಬ್ಬರು ಮಾತಾಡುವ ದೃಶ್ಯದಲ್ಲಿ ಇಬ್ಬರೂ ಅರ್ಧರ್ಧ! ನಾನು ಜೂಮ್ ಒತ್ತುವುದು ಒಂದೇ ಸಂದರ್ಭದಲ್ಲಿ. ಹಳೆಯ ವಿಸಿಡಿಗಳಲ್ಲಿ ಸ್ಕೋಪ್ ಸಿನಿಮಾವನ್ನು 4:3 ಚೌಕಟ್ಟಿನೊಳಗೆ ಪಟ್ಟಿ ಸಮೇತ ಕೂರಿಸಿರುತ್ತಾರೆ. ಅಲ್ಲಿ ಜೂಮ್ ಮಾಡಿದರೆ ಹೋಗುವುದು ಬರೀ ಕಪ್ಪು, ಚಿತ್ರಕ್ಕೆ ಏನೂ ಆಗುವುದಿಲ್ಲ.

ಯೂಟ್ಯೂಬ್‌ನಲ್ಲಿ ಹಳೆಯ ಸಿನಿಮಾಗಳನ್ನು ಎಳೆದೇ ಹಾಕಿರುವುದು ಬಹಳ. ಟಿವಿಯ ಆ್ಯಪ್ ಒಳಗೆ ಆಕಾರ ಬದಲಿಸಲು ಕೆಲವು ಸೆಟ್‌ಗಳು ಬಿಡುವುದೇ ಇಲ್ಲ. ಅದೇ ಸಿನಿಮಾವನ್ನು ಬೇರೆ ಯಾರಾದರೂ ಸರಿಯಾಗಿ ಹಾಕಿದ್ದಾರಾ ಎಂದು ಹುಡುಕುತ್ತೇನೆ, ಎಷ್ಟೋ ಸಲ ಸಿಗುತ್ತದೆ. ಡಿಸ್ಕ್ ಮನೆಯಲ್ಲಿದ್ದರೆ ಲ್ಯಾಪ್‌ಟಾಪ್‌ನಲ್ಲಿ ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್ ಮೂಲಕ ಹಾಕಿ, 4:3 ಬರುವವರೆಗೆ ‘ಎ’ ಕೀ ಒತ್ತುತ್ತೇನೆ.