ಎಚ್‌ಡಿ ದುಡ್ಡು ಕೊಟ್ಟರೂ ಚಿತ್ರ ಮಸುಕಾಗಿದ್ರೆ ಮೊದಲು ವೈರ್ ನೋಡಿ

ಅಣ್ಣಂದಿರೆ, ಅಕ್ಕಂದಿರೆ, ಕಲಬುರಗಿಯ ನಮ್ಮ ಓಣಿಯಲ್ಲೇ ಮೂರು ಮನೆಯಲ್ಲಿ ಇದೇ ತಪ್ಪು ಕಂಡೆ. ಟಿವಿ ಹೊಸದು, ತಿಂಗಳಾ ಎಚ್‌ಡಿ (ಹೆಚ್ಚು ಸ್ಪಷ್ಟ ಚಿತ್ರದ) ಪ್ಯಾಕಿಗೆ ದುಡ್ಡು ಹೋಗುತ್ತಿದೆ, ಆದರೆ ಸೆಟ್‌ಟಾಪ್ ಬಾಕ್ಸಿನಿಂದ ಟಿವಿಗೆ ಹಾಕಿದ್ದು ಕೆಂಪು-ಬಿಳಿ-ಹಳದಿ ಪಿನ್ನಿನ ಹಳೇ ವೈರ್! ಆ ವೈರಿನಲ್ಲಿ ಎಚ್‌ಡಿ ಬರುವುದೇ ಇಲ್ಲ. ಚಿತ್ರ, ಧ್ವನಿ ಎರಡನ್ನೂ ಒಂದೇ ವೈರಿನಲ್ಲಿ ಒಯ್ಯುವ ಎಚ್‌ಡಿಎಂಐ ಕೇಬಲ್ಲೇ ಬೇಕು. ಅದನ್ನು ಹಾಕಿ, ಟಿವಿಯ ಇನ್‌ಪುಟ್‌ನಲ್ಲಿ (ಸೋರ್ಸ್) ಎಚ್‌ಡಿಎಂಐ ಆರಿಸಿ, ಬಾಕ್ಸಿನ ಸೆಟ್ಟಿಂಗ್‌ನಲ್ಲಿ 1080 ಇಡಿ. ಮಾಮೂಲಿ ಚಿತ್ರದಲ್ಲಿ 576 ಅಡ್ಡ ಗೆರೆ, ಎಚ್‌ಡಿಯಲ್ಲಿ 1080. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಬಾಕ್ಸ್ ಕೂಡ ಎಚ್‌ಡಿಯದೇ ಇರಬೇಕು, ಚಾನೆಲ್ಲೂ ಎಚ್‌ಡಿಯದೇ ಹಾಕಬೇಕು. ಒಂದೇ ಚಾನೆಲ್ ಎರಡು ನಂಬರಿನಲ್ಲಿ ಬರುತ್ತದೆ ಅಲ್ವಾ, ಹೆಸರಿನ ಜೊತೆ ಎಚ್‌ಡಿ ಅಂತ ಇರುವುದನ್ನು ನೋಡಿ. ಕೇಬಲ್ಲಿನವರಿಗೂ ಇದೇ ಮಾತು.

ದೂರದರ್ಶನದ ಉಚಿತ ಛತ್ರಿ ಸೇವೆ ಡಿಡಿ ಫ್ರೀ ಡಿಶ್ ಇದ್ದವರಿಗೆ ತಿಂಗಳ ಬಾಡಿಗೆ ಇಲ್ಲ. ಅದರ ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ನಮ್ಮೂರಿನಿಂದ ಛತ್ರಿ ಸರಿಯಾಗಿ ಆಗ್ನೇಯಕ್ಕೆ ಮುಖ ಮಾಡಬೇಕು. ಆ ಕಡೆ ಬೇವಿನ ಟೊಂಗೆ, ನೀರಿನ ಟ್ಯಾಂಕ್ ಅಡ್ಡ ಬಂದರೆ ಸಿಗ್ನಲ್ ಸಿಗುವುದಿಲ್ಲ. ಜೋರು ಮಳೆಗೆ ಚಿತ್ರ ನಿಂತರೆ ಸುಮ್ನೆ ಛತ್ರಿ ತಿರುಗಿಸಬೇಡಿ, ಮಳೆ ನಿಂತ ಮೇಲೆ ತಾನೇ ಬರುತ್ತದೆ.

1975ರಲ್ಲೇ ಸೈಟ್ ಅನ್ನೋ ಶೈಕ್ಷಣಿಕ ಟಿವಿ ಪ್ರಯೋಗದ ಯೋಜನೆಯಲ್ಲಿ ಗುಲ್ಬರ್ಗ ಜಿಲ್ಲೆಯ ಹಳ್ಳಿಗಳಿಗೆ ಉಪಗ್ರಹದಿಂದ ಟಿವಿ ಬಂದಿತ್ತು. ಅಂಥ ಊರಿನವರು ನಾವು, ಮಸುಕು ಚಿತ್ರ ಯಾಕೆ ನೋಡಬೇಕು? ವೈರ್ ಯಾವುದಿದೆ ಅಂತ ಗೊತ್ತಾಗದಿದ್ದರೆ ಬಾಕ್ಸಿನ ಹಿಂಭಾಗದ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.