ಢಂ ಸದ್ದು ಬಿಡಿ, ಬೆಳಕಿಗೆ ತಾಳ ಹಾಕಿ

ಸಂಗೀತಕ್ಕೆ ಹೊಂದಿಸಿದ ಬಾಣಬಿರುಸಿನ ಸ್ಪರ್ಧೆ ನೋಡುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ಸಿಡಿತದ ಸದ್ದನ್ನು ಹಾಡಿನ ಪೆಟ್ಟಿಗೆ ಹೋಲಿಸಿ 'ತಪ್ಪಿತು' ಅನ್ನುತ್ತಾರೆ. ಹೋಲಿಸಬೇಕಾದ್ದು ಬೆಳಕನ್ನು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಲಯದಲ್ಲಿ ಒಂದು ಪೆಟ್ಟೆಂದರೆ ಅರ್ಧ ಸೆಕೆಂಡು. ಅಂದರೆ 170 ಮೀಟರ್ ದೂರದಲ್ಲಿ ಕೂತವರಿಗೆ ಢಂ ಸದ್ದು ಸರಿಯಾಗಿ ಒಂದು ಪೆಟ್ಟು ತಡವಾಗಿ ಬೀಳುತ್ತದೆ, 85 ಮೀಟರಿನಲ್ಲಿ ಅರ್ಧ ಪೆಟ್ಟು. ಪ್ರದರ್ಶನ ಜೋಡಿಸುವವರು ಇದನ್ನು ತಿಳಿದೇ ಬೆಳಕನ್ನು ಹಾಡಿಗೆ ಕಟ್ಟಿರುತ್ತಾರೆ.

ಶಿವಮೊಗ್ಗದಲ್ಲಿ ಕೂತು ನಾನು ಅಂಕ ಹಾಕುವುದು ಎರಡು ಸ್ಪರ್ಧೆಗಳ ವಿಡಿಯೊಗಳಿಗೆ. ಒಂದು ಕೆನಡಾದ ಮಾಂಟ್ರಿಯಲ್‌ನದು. 1985ರಲ್ಲಿ ಶುರುವಾದದ್ದು, ಒಂದೊಂದು ದೇಶದ ತಂಡಕ್ಕೂ ಸುಮಾರು 30 ನಿಮಿಷ, ಗೆದ್ದವರಿಗೆ ಜುಪಿಟರ್ ಪ್ರಶಸ್ತಿ. ಇನ್ನೊಂದು ಜಪಾನಿನ ಅಕಿಟಾ ಪ್ರಾಂತ್ಯದ ಓಮಗಾರಿಯದು. 1910ರಿಂದ ಬಂದದ್ದು, ಅಲ್ಲಿ ಸಂಗೀತದ ವಿಭಾಗಕ್ಕೆ ಸಿಗುವುದು ಎರಡೂವರೆ ನಿಮಿಷವಷ್ಟೆ. ಬಯಲಲ್ಲಿ ಕಣ್ಣು ಪಳಗಿಸಿಕೊಳ್ಳುವುದಕ್ಕೆ ನಮಗೆ ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವ ಇದೆ. ಅಲ್ಲಿ ಹಾಡಿಗೆ ಹೊಂದಿಸಿ ಸುಡುವುದಿಲ್ಲ, ಆದರೆ ದೂರ, ಎತ್ತರ, ಹೊಗೆ ಮೂರನ್ನೂ ಅಳೆಯುವುದನ್ನು ತುಂಗಾ ದಡದಲ್ಲೇ ಕಲಿಯಬಹುದು.

ಮೊದಲು ದೂರ. ಬೆಳಕು ಕಂಡ ಕ್ಷಣದಿಂದ ಸದ್ದು ಕೇಳುವವರೆಗೆ ಸೆಕೆಂಡು ಎಣಿಸಿ 340ರಿಂದ ಗುಣಿಸಿ. ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಐದಾರು ಸಲ ಅಳೆದು ಸರಾಸರಿ ತೆಗೆದರೆ ಸಾಕು. ಮೇಲೇರಿ ಹೂವಾಗಿ ಒಡೆಯುವ ಸಿಡಿಮದ್ದಿನ ಉಂಡೆಗೆ ಶೆಲ್ ಎನ್ನುತ್ತಾರೆ. ಅದರ ಎತ್ತರಕ್ಕೆ ಒಂದು ಒರಟು ಲೆಕ್ಕವಿದೆ: ಅಡ್ಡಳತೆಯ ಇಂಚಿಗೆ ನೂರಡಿ. ಮೂರು ಇಂಚಿನದು ಸುಮಾರು 90 ಮೀಟರ್ ಏರುತ್ತದೆ, ಆರು ಇಂಚಿನದು 180 ಮೀಟರ್. ಆರು ಇಂಚಿನ ಶೆಲ್ ಅರಳಿದಾಗ ಅದರ ಮೇಲಂಚು 240 ಮೀಟರ್ ಹತ್ತಿರ ಹೋಗುತ್ತದೆ. ನೆಲದ ಮಟ್ಟದಿಂದ ಕಿಡಿಗಳ ಗೊಂಚಲಾಗಿ ಚಿಮ್ಮುವ ಮೈನ್, ಬಾಲ ಬಿಡುತ್ತಾ ಏರುವ ನಡುವಿನ ಕಾಮೆಟ್, ಮೇಲಿನ ಶೆಲ್ ಮೂರೂ ಒಂದೇ ನೋಟಕ್ಕೆ ಸಿಗಬೇಕಾದರೆ 400 ಮೀಟರ್ ದೂರ ಬೇಕು. ಕೈ ನೀಡಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು ಹತ್ತು ಡಿಗ್ರಿ. ಅತಿ ಎತ್ತರದ ಶೆಲ್ ಮೂರು ಮುಷ್ಟಿಯೊಳಗೆ ಬಂದರೆ ಜಾಗ ಸರಿ. ಐದಾರು ಮುಷ್ಟಿ ಆದರೆ ಕತ್ತೆತ್ತಿ ಮೇಲಿನದನ್ನು ನೋಡುವಷ್ಟರಲ್ಲಿ ಕೆಳಗಿನ ಅರ್ಧ ಪ್ರದರ್ಶನ ಮುಗಿದಿರುತ್ತದೆ.

ಇಲ್ಲಿ ಒಂದು ತೊಡಕು. ಸ್ಪೀಕರ್‌ಗಳಿಂದ ದೂರ ಕೂತರೆ ಹಾಡೇ ತಡವಾಗಿ ಬರುತ್ತದೆ. 340 ಮೀಟರ್ ಆಚೆ ಕೂತವರಿಗೆ ಇಡೀ ಪ್ರದರ್ಶನ ಹಾಡಿಗಿಂತ ಒಂದು ಸೆಕೆಂಡು ಮುಂದೆ ಓಡಿದಂತೆ ಕಾಣುತ್ತದೆ. ಹಾಗಾಗಿ ಸುಡುವ ಜಾಗದಿಂದ ದೂರ, ಸ್ಪೀಕರ್‌ಗೆ ಹತ್ತಿರ, ಇದು ಸೂತ್ರ. ಹಾಡನ್ನು ಎಫ್‌ಎಂನಲ್ಲಿ ಬಿತ್ತರಿಸುವ ಕಡೆ ವೈರ್ ಇಯರ್‌ಫೋನ್ ಹಾಕಿಕೊಳ್ಳಬೇಕು. ಬ್ಲೂಟೂತ್ ತಾನೇ 0.1ರಿಂದ 0.3 ಸೆಕೆಂಡು ತಿನ್ನುತ್ತದೆ, ಇಂಟರ್ನೆಟ್ ಪ್ರಸಾರವಂತೂ ಹಲವು ಸೆಕೆಂಡು ಹಿಂದೆ ಬೀಳುತ್ತದೆ.

ಯಾವುದರಿಂದ ಎಷ್ಟು ಕರಾರುವಾಕ್ಕು ನಿರೀಕ್ಷಿಸಬೇಕು ಎನ್ನುವುದು ತಿಳಿದಿದ್ದರೆ ಅರ್ಧ ತೀರ್ಪು ಮುಗಿದಂತೆ. ಮೈನ್ ಮತ್ತು ಸಿಂಗಲ್ ಶಾಟ್ (ಒಂದು ಕೊಳವೆಗೆ ಒಂದೇ ಹೊಡೆತ) ಕೊಳವೆ ಬಿಟ್ಟ ಕ್ಷಣವೇ ಬೆಳಗುತ್ತವೆ, ಕಿಡಿ ಕೊಡುವುದು ಕಂಪ್ಯೂಟರ್. ಆದ್ದರಿಂದ ಇವು ಚಂಡೆಯ ಪೆಟ್ಟಿನಷ್ಟು ಖಚಿತವಾಗಿ ಬೀಳಬೇಕು. ಶೆಲ್ ಹಾಗಲ್ಲ. ಆರು ಇಂಚಿನದನ್ನು ಸುಮಾರು ನಾಲ್ಕು ಸೆಕೆಂಡು ಮೊದಲೇ ಹಾರಿಸಿರಬೇಕು, ಒಳಗಿನ ಬತ್ತಿ ಉರಿಯುವ ವೇಗ ಒಂದರಿಂದೊಂದಕ್ಕೆ ಸ್ವಲ್ಪ ಬದಲಾಗುತ್ತದೆ. ಬುದ್ಧಿವಂತ ವಿನ್ಯಾಸಕಾರ ಚುರುಕು ಪೆಟ್ಟುಗಳನ್ನು ಮೈನ್‌ಗೆ ಕೊಟ್ಟು, ಎಳೆದು ನಿಲ್ಲುವ ಸ್ವರಗಳಿಗೆ ಶೆಲ್ ಇಡುತ್ತಾನೆ. ಚುರುಕು ಪೆಟ್ಟಿಗೆ ಶೆಲ್ ನಂಬಿದವನ ಪ್ರದರ್ಶನ ಕಲಸಿದಂತೆ ಕಾಣುತ್ತದೆ. ಅದಕ್ಕೆ ಸಿಡಿಮದ್ದನ್ನಲ್ಲ, ವಿನ್ಯಾಸವನ್ನು ದೂರಬೇಕು.

ವಿಡಿಯೊದಲ್ಲಿ ಇದನ್ನು ಅಳೆಯಬಹುದು. ಧ್ವನಿಯನ್ನು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು (ವಿಡಿಯೊ ಫೈಲು ತೆರೆಯಲು ಅದಕ್ಕೆ ಎಫ್‌ಎಫ್‌ಎಂಪೆಗ್ ಎಂಬ ಸಹಾಯಕ ತಂತ್ರಾಂಶ ಸೇರಿಸಿರಬೇಕು) ಹತ್ತು ಪೆಟ್ಟುಗಳ ಸಮಯ ಗುರುತು ಹಾಕಿಕೊಳ್ಳಿ. ಆಮೇಲೆ ವಿಎಲ್‌ಸಿ ವಿಡಿಯೊ ಪ್ಲೇಯರ್‌ನಲ್ಲಿ ವಿಡಿಯೊ ನಿಲ್ಲಿಸಿ ಇಂಗ್ಲಿಷಿನ 'ಇ' (E) ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ಮುಂದೆ ಹೋಗಿ, ಬೆಳಕು ಮೊದಲು ಕಂಡ ಫ್ರೇಮ್ ಹಿಡಿಯಿರಿ. ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ಎಂದರೆ 33 ಮಿಲಿಸೆಕೆಂಡು. ಹತ್ತೂ ಕಡೆ ವ್ಯತ್ಯಾಸ ಒಂದೇ ಇದ್ದರೆ ಅದು ಕ್ಯಾಮೆರಾ ಇಟ್ಟ ಜಾಗದ ದೋಷ, ಕಳೆದು ಬಿಡಿ. ವ್ಯತ್ಯಾಸ ಒಮ್ಮೆ ಹಿಂದೆ ಒಮ್ಮೆ ಮುಂದೆ ಚದುರಿದ್ದರೆ ಅದು ಪ್ರದರ್ಶನದ ದೋಷ. ಮೈನ್‌ಗೆ ಮೂರು ಫ್ರೇಮಿನೊಳಗಿನ ಚದುರಿಕೆ ನನ್ನ ಮಟ್ಟಿಗೆ ಪೂರ್ಣ ಅಂಕ, ಎಂಟು ದಾಟಿದರೆ ಸೊನ್ನೆ. ಶೆಲ್‌ಗೆ ಎಂಟರವರೆಗೂ ಕ್ಷಮೆ ಇದೆ. ಢಂ ಸದ್ದೇ ಇಲ್ಲದೆ ಹಾಡು ಮಾತ್ರ ಶುದ್ಧವಾಗಿ ಕೇಳುವ ವಿಡಿಯೊಗಳಲ್ಲಿ ಹಾಡನ್ನು ಆಮೇಲೆ ಅಂಟಿಸಿರುತ್ತಾರೆ. ಅವುಗಳಲ್ಲಿ ಹೊಂದಾಣಿಕೆಗೆ ಅಂಕ ಹಾಕಲೇಬಾರದು.

ಮದ್ದಿನ ಗುಣಮಟ್ಟಕ್ಕೆ ಜಪಾನಿನವರ ಕಣ್ಣೇ ಬೇಕು. ಶೆಲ್ ಏರಿ ನಿಂತ ಕ್ಷಣದಲ್ಲೇ ಒಡೆಯಬೇಕು. ಏರುವಾಗಲೋ ಇಳಿಯುವಾಗಲೋ ಒಡೆದರೆ ಹೂವು ಒಂದು ಕಡೆಗೆ ವಾಲುತ್ತದೆ. ವೃತ್ತ ಗುಂಡಗಿರಬೇಕು, ಬಣ್ಣ ಬದಲಾದರೆ ಎಲ್ಲ ಕಿಡಿಗಳೂ ಒಟ್ಟಿಗೇ ಬದಲಾಗಬೇಕು, ಒಟ್ಟಿಗೇ ಆರಬೇಕು. ಬಣ್ಣಗಳಲ್ಲಿ ನೀಲಿಯೇ ಕಷ್ಟದ್ದು. ಅದನ್ನು ಕೊಡುವ ತಾಮ್ರದ ಕ್ಲೋರೈಡ್ ಶಾಖ ಹೆಚ್ಚಾದರೆ ಒಡೆದು ಬಣ್ಣ ಬಿಳಿಚಿಕೊಳ್ಳುತ್ತದೆ. ಗಾಢ ನೀಲಿ ಕಂಡರೆ ನಾನು ಅಂಕ ಹಿಡಿದಿಟ್ಟುಕೊಳ್ಳುವುದಿಲ್ಲ. ಹಸಿರಿನಲ್ಲಿ ನಮ್ಮವರನ್ನು ಜಪಾನಿನವರ ಪಕ್ಕ ಇಟ್ಟು ತೂಗುವುದು ನ್ಯಾಯವಲ್ಲ. ಹಸಿರಿಗೆ ಬೇಕಾದ ಬೇರಿಯಂ ಲವಣಗಳನ್ನು ಪಟಾಕಿಯಲ್ಲಿ ಬಳಸುವುದನ್ನು ಸುಪ್ರೀಂ ಕೋರ್ಟ್ 2018ರಲ್ಲೇ ನಿಷೇಧಿಸಿದೆ.

ಮಲೆನಾಡಿನಲ್ಲಿ ಕೂತು ನೋಡುವವರಿಗೆ ಹೊಗೆಯೇ ದೊಡ್ಡ ಶತ್ರು. ಎಳ್ಳಮಾವಾಸ್ಯೆ ಹೊತ್ತಿಗೆ ಸಂಜೆಯ ತಣ್ಣನೆ ಗಾಳಿ ಹೊಳೆಯ ತಗ್ಗಿನಲ್ಲಿ ಕೂರುತ್ತದೆ, ಹೊಗೆ ಮೇಲೇಳದೆ ನೀರಿನ ಮೇಲೇ ಮಲಗುತ್ತದೆ. ಮೊದಲು ಕಾಣೆಯಾಗುವುದು ಕೆಳಮಟ್ಟದ ಕಾಮೆಟ್, ಮತ್ತೆ ನೀಲಿ. ಅರ್ಧ ಗಂಟೆ ಮೊದಲೇ ಒಂದು ಊದುಬತ್ತಿ ಹಚ್ಚಿ ಹೊಗೆ ಹೋಗುವ ದಿಕ್ಕು ನೋಡಿ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರಬೇಕು. ಹೊಗೆ ಕದಲದಿದ್ದರೆ ದಡ ಬಿಟ್ಟು ಎತ್ತರದ ಜಾಗ ಹಿಡಿಯಿರಿ. ಎದುರಿಗೆ ಗುಡ್ಡವಿದ್ದರೆ ಮಾರ್ದನಿಯೂ ಸೇರಿ ಲಯ ಕೆಡಿಸುತ್ತದೆ: 500 ಮೀಟರ್ ಆಚೆಯ ಗುಡ್ಡದಿಂದ ಸದ್ದು ಮರಳಲು ಸುಮಾರು ಮೂರು ಸೆಕೆಂಡು. ಆಗ ಬೆರಳಲ್ಲಿ ತಾಳ ಹಾಕುತ್ತಾ ಕಣ್ಣನ್ನೇ ನಂಬಬೇಕು.

ಅಂಕದ ಹಾಳೆಗೆ ಪೆನ್ಸಿಲ್ಲೇ ಸರಿ, ಇಬ್ಬನಿಗೆ ಪೆನ್ನಿನ ಶಾಯಿ ಹರಡುತ್ತದೆ. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ. ಮೊಬೈಲ್ ಪರದೆ ನೋಡಿದರೆ ಕಣ್ಣು ಮತ್ತೆ ಕತ್ತಲಿಗೆ ಒಗ್ಗಲು ನಿಮಿಷಗಟ್ಟಲೆ ಬೇಕು. ಹಾಡು ಬದಲಾದಾಗಲೆಲ್ಲ ಹಾಳೆ ನೋಡದೆಯೇ ಒಂದು ದೊಡ್ಡ ಅಂಕಿ ಗೀಚಿ. ಕೊನೆಯ ಎರಡು ನಿಮಿಷದ ಸುರಿಮಳೆಗೆ ಬೇರೆಯೇ ಸಾಲು ಇರಲಿ, ಅದು ಶುರುವಾಗುವ ಮೊದಲೇ ಮೇಲಿನ ಸಾಲುಗಳನ್ನು ಕೂಡಿ ಗೆರೆ ಎಳೆದುಬಿಡಿ.